ದೋಣಿಯಲ್ಲಿ ಬಿಟ್ಟ ಚಪ್ಪಲಿ

ದ್ವೀಪ ಬಂದೊಡನೆ ದೋಣಿಯವನು ಎಲ್ಲರ ಚಪ್ಪಲಿಯನ್ನೂ ದೋಣಿಯಲ್ಲೇ ಬಿಡಿಸಿದ.

"ಹೊರಡುವಾಗ ಯಾರ ಚಪ್ಪಲಿ ಉಳಿದ್ರೂ ಅವರನ್ನು ಹುಡುಕಿಯೇ ನಾನು ದೋಣಿ ಬಿಡುದು. ಸಂಜೆ ಉಬ್ಬರ ಬಂದ್ರೆ ಈ ಮರಳೆಲ್ಲ ನೀರಿನಡಿ ಹೋಗ್ತದೆ" ಎಂದ.

ಪ್ರವಾಸಕ್ಕೆಂದೇ ಕೊಂಡ ಹೊಸ ಚಪ್ಪಲಿ ಬಿಡಲು ಗಂಡನಿಗೆ ಮನಸ್ಸಿರಲಿಲ್ಲ. ಹೆಂಡತಿಯೇ ಗದರಿ ಬಿಡಿಸಿ, ಮುಂದೆ ಇಳಿದು ನಡೆದಳು.

ಬಂಡೆಗಳಾಚೆ ಕಪ್ಪೆಚಿಪ್ಪು ಹೆಕ್ಕುತ್ತ ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇಂಜಿನ್ನಿನ ಸದ್ದು ಕೇಳಿ ಎದ್ದುಬಿದ್ದು ಓಡಿಬಂದರೆ ದೋಣಿ ಆಗಲೇ ಬಲು ದೂರ ಹೋಗಿತ್ತು. ಕೂಗಿ ಕೂಗಿ ಅವಳ ಗಂಟಲು ಒಣಗಿತು. ಬೆಳಿಗ್ಗೆ ಜನ ಕೂತು ಬುತ್ತಿ ಉಂಡ ಜಾಗದಲ್ಲಿ ಈಗ ಮೊಣಕಾಲುದ್ದ ನೀರು.

"ಹೆದರ್ಬೇಡಿ ರೀ" ಎಂದಳು, ತನಗೇ ಹೇಳಿಕೊಳ್ಳುವಂತೆ. "ನಮ್ಮ ಚಪ್ಪಲಿ ದೋಣೀಲೇ ಇದಾವಲ್ಲ. ಅವನು ನೋಡೇ ನೋಡ್ತಾನೆ. ಈಗ ತಿರುಗಿಸ್ಕೊಂಡು ಬರ್ತಾನೆ, ಅಲ್ವಾ?"

ಗಂಡ ದೂರದ ದೋಣಿಯತ್ತಲೇ ನೋಡುತ್ತ ನಿಂತ.

"ಏನಾದ್ರೂ ಹೇಳ್ರೀ!"

ಅವನು ಹೆಗಲ ಚೀಲವನ್ನು ಇಳಿಸಿ ಜಿಪ್ಪು ಎಳೆದ. ಒಳಗೆ ಎರಡು ಜೊತೆ ಚಪ್ಪಲಿ ಇದ್ದವು.

"ಹೊಸವು ಕಣೇ... ಯಾರಾದ್ರೂ ಹಾಕ್ಕೊಂಡು ಹೋದ್ರೆ ಅಂತ..."