ಪಕ್ಕದ ಸೀಟಿನ ಬ್ರೇಕು

ನಡುರಸ್ತೆಯಲ್ಲಿ ಕಾರು ಗಕ್ಕನೆ ನಿಂತಿತು. ಹಿಂದಿನ ಗಾಡಿಗಳೆಲ್ಲ ಒಂದರ ಮೇಲೊಂದು ಹಾರ್ನ್ ಬಾರಿಸತೊಡಗಿದವು. ಸ್ಟಿಯರಿಂಗ್ ಹಿಡಿದಿದ್ದ ತಂಗಿ ಬೆನ್ನಿನಲ್ಲಿ ಎದ್ದ ನೋವಿಗೆ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಬ್ರೇಕ್ ಒತ್ತಿದ್ದು ಅವಳಲ್ಲ, ಪಕ್ಕದ ಸೀಟಿನಲ್ಲಿದ್ದ ಅಕ್ಕ.

ಅದು ಡ್ರೈವಿಂಗ್ ಸ್ಕೂಲಿನ ಕಾರು. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ತಡೆಯಲೆಂದು ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ದಿನವೂ ಅಲ್ಲಿ ಕೂತು ಕಲಿಸುವವಳು ತಂಗಿಯೇ. ಅವಳ ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ ಹತ್ತಿ ಎಷ್ಟೋ ವರ್ಷವಾಗಿತ್ತು. ಕುತ್ತಿಗೆ ಅತ್ತಿತ್ತ ಹೊರಳದು. ಅದಕ್ಕೇ ಕಾರಿನೊಳಗೆ ಜಾಗ ಸಿಕ್ಕಲ್ಲೆಲ್ಲ ಕನ್ನಡಿ ಅಂಟಿಸಿಕೊಂಡಿದ್ದಳು. ಕಲಿಯಲು ಬರುವವರ ಬಾಯಲ್ಲಿ ಅವಳು ಕನ್ನಡಿ ಮೇಡಂ. ಹೊರದೇಶದ ಆಸ್ಪತ್ರೆಯೊಂದು, ಇನ್ನೂ ಪ್ರಯೋಗದಲ್ಲೇ ಇರುವ ಚಿಕಿತ್ಸೆಯೊಂದಕ್ಕೆ ಅವಳನ್ನು ಆರಿಸಿಕೊಂಡಿತ್ತು. ಹೋಗುವುದಾದರೆ ಪಾಸ್‌ಪೋರ್ಟನ್ನು ಟ್ರಾವೆಲ್ಸ್ ಆಫೀಸಿಗೆ ಕೊಡಲು ಇವತ್ತೇ ಕೊನೆ. "ನಾನೂ ಜೊತೆಗೆ ಬರ್ತೀನಿ" ಎಂದು ಅಕ್ಕ ಕಾರು ಹತ್ತಿದ್ದು ಹೋಗಬೇಡ ಎಂದು ದಾರಿಯುದ್ದಕ್ಕೂ ತಲೆ ತಿನ್ನಲಿಕ್ಕೆ ಎಂಬುದು ಮೊದಲ ಸಿಗ್ನಲ್ಲಿನಲ್ಲೇ ಗೊತ್ತಾಗಿತ್ತು.

"ಬಾಯಲ್ಲಿ ಹೇಳಿದ್ರೆ ನೀನೆಲ್ಲಿ ಕೇಳ್ತೀಯ? ಅದಕ್ಕೇ ಒತ್ತಿದೆ" ಎಂದಳು ಅಕ್ಕ. ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇಲ್ಲ. ತಾಯಿ ಹೋದ ಮೇಲೆ ತಂಗಿಗೆ ಜಡೆ ಹಾಕಿ, ತುತ್ತಿಟ್ಟು ಬೆಳೆಸಿದವಳು. ಆಗ ಕೈಗೆತ್ತಿಕೊಂಡ ಅಧಿಕಾರವನ್ನು ತಂಗಿಯ ತಲೆ ನರೆತರೂ ಕೆಳಗಿಟ್ಟಿರಲಿಲ್ಲ.

ತಂಗಿ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಅಲ್ಲ ಕಣೇ, ಗ್ಯಾರಂಟಿ ಇಲ್ಲ ಅಂತ ಅವರೇ ಹೇಳ್ತಾರೆ. ನೀನೇನು ಅವರ ಪ್ರಯೋಗದ ಇಲಿನಾ?"

"ಇಲೀನ ಯಾರೂ ಕೇಳಲ್ಲ ಅಕ್ಕ. ನನ್ನನ್ನ ಕೇಳಿದ್ದಾರೆ. ಕಮ್ಮಿ ಆಗ್ಬಹುದು, ಏನೂ ಆಗ್ದೇ ಇರ್ಬಹುದು, ಜಾಸ್ತೀನೂ ಆಗ್ಬಹುದು ಅಂತ ಬಿಡಿಸಿ ಹೇಳಿದ್ದಾರೆ."

"ಜಾಸ್ತಿ ಆದ್ರೆ? ಈಗ ಓಡಾಡ್ಕೊಂಡಾದ್ರೂ ಇದ್ದೀಯ. ಹೇಗೋ ನಡ್ಕೊಂಡು ಹೋಗ್ತಿದೆ..."

"ಆ 'ಹೇಗೋ' ಸಾಕಾಗಿದೆ ನಂಗೆ! ಬೆಳಗ್ಗೆ ಹಾಸಿಗೆಯಿಂದ ಏಳೋಕೆ ಕಿಟಕಿ ಸರಳು ಹಿಡ್ಕೊಂಡು ಜಗ್ಗಾಡ್ತೀನಲ್ಲ, ಅದನ್ನ ನೋಡಿದ್ದೀಯಾ ನೀನು? ಮಧ್ಯಾಹ್ನ ಬಂದು, ನೋಡೋಕೆ ಚೆನ್ನಾಗೇ ಇದ್ದೀಯಲ್ಲೇ ಅಂತ ಹೇಳಿ ಹೋಗ್ತೀಯ."

ಈ ಸಲ ಅಕ್ಕನ ದನಿಯಲ್ಲಿ ಜೋರಿರಲಿಲ್ಲ. "ಅಷ್ಟು ದೂರದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಕೈ ಹಿಡ್ಕೊಳ್ಳೋಕೆ ಯಾರಿರ್ತಾರೆ? ನನ್ನ ಜೀವ ಒಪ್ಪಲ್ಲ ಕಣೇ. ನಾನಿರೋವರೆಗೂ ಬಿಡಲ್ಲ. ನೀನು ಮತ್ತೆ ಹೊರಟ್ರೆ ಮತ್ತೆ ಒತ್ತುತೀನಿ, ನೋಡ್ತಿರು."

ತಂಗಿಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು. ಕಾರಿನಿಂದಿಳಿದು ಸುತ್ತಿ ಬಂದು ಅಕ್ಕನ ಕಡೆಯ ಬಾಗಿಲು ತೆರೆದಳು.

"ಕಾಲು ತೆಗಿ."

ಆ ಬ್ರೇಕಿಗೂ ಡ್ರೈವರನ ಬ್ರೇಕಿಗೂ ನಡುವೆ ಇದ್ದದ್ದು ಒಂದು ಕಬ್ಬಿಣದ ಸರಳು. ಪಿನ್ನೆಳೆದರೆ ಪಕ್ಕದ ಪೆಡಲ್ ಮಾತ್ರ ಕಳಚಿ ಬರುತ್ತದೆ, ಡ್ರೈವರನ ಬ್ರೇಕಿಗೆ ಏನೂ ಆಗುವುದಿಲ್ಲ. ಕಳಚುವ ಕೆಲಸ ಯಾವಾಗಲೂ ಗ್ಯಾರೇಜಿನವನದು, ಏಕೆಂದರೆ ಅದಕ್ಕೆ ಬಗ್ಗಬೇಕು. ಬಿದ್ದ ಚಪ್ಪಲಿಯನ್ನೂ ಕೋಲಿನಿಂದ ಎಳೆದುಕೊಳ್ಳುವ ಹೆಂಗಸು ರಸ್ತೆಯ ಧೂಳಿನಲ್ಲಿ ಮಂಡಿಯೂರಿದಳು.

"ಬೇಡ್ವೇ, ನಿನ್ನ ಬೆನ್ನು! ಮಾರಾಯ್ತಿ, ಯಾರನ್ನಾದ್ರೂ ಕರೀತೀನಿ ಇರು!"

"ಯಾರನ್ನೂ ಕರೀಬೇಡ. ಕಾಲು ತೆಗಿ ಅಂದೆ."

ಅವಳ ಹಣೆ ಅಕ್ಕನ ಮೊಣಕಾಲಿಗೆ ಒತ್ತಿಕೊಂಡಿತ್ತು. ಸೊಂಟದಿಂದ ಕುತ್ತಿಗೆಯವರೆಗೆ ಬೆಂಕಿ ಹತ್ತಿದಂತಾಗುತ್ತಿತ್ತು. ಉಸಿರು ಬಿಗಿಹಿಡಿದು, ಕಣ್ಣಿಗೆ ಕಾಣದ ಪಿನ್ನನ್ನು ಬೆರಳಲ್ಲೇ ತಡಕಿದಳು. ಒಮ್ಮೆ ಜಾರಿತು, ಎರಡನೇ ಸಲವೂ ಜಾರಿತು. ಅಕ್ಕ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಎಲ್ಲಿ ಮುಟ್ಟಿದರೆ ನೋಯುತ್ತದೋ ತಿಳಿಯದೆ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಕೂತಳು. ಕೊನೆಗೆ ಟಣ್ ಎಂದಿತು. ತಂಗಿ ಬಾಗಿಲು ಹಿಡಿದು ಇಷ್ಟಿಷ್ಟೇ ಎದ್ದು ನಿಂತಳು. ಮುಖವೆಲ್ಲ ಬೆವರು, ಮಂಡಿಯೆಲ್ಲ ಧೂಳು. ಎಣ್ಣೆ ಜಿಡ್ಡಿನ ಪೆಡಲನ್ನು ಅಕ್ಕನ ಇಸ್ತ್ರಿ ಸೀರೆಯ ಮಡಿಲಿಗೆ ಹಾಕಿದಳು.

"ಹಿಡ್ಕೋ. ಇನ್ನು ಎಷ್ಟು ಬೇಕೋ ಅಷ್ಟು ಒತ್ತು."

ಕಾರು ಹೊರಟಿತು. ಅಕ್ಕ ಮಡಿಲಲ್ಲಿದ್ದ ಪೆಡಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತಿದ್ದಳು. ಟ್ರಾವೆಲ್ಸ್ ಆಫೀಸಿನ ಬೋರ್ಡು ಕಾಣಿಸುವಷ್ಟರಲ್ಲಿ ಪಕ್ಕದ ಗಲ್ಲಿಯಿಂದ ಸೈಕಲ್ಲೊಂದು ಅಡ್ಡ ನುಗ್ಗಿತು.

"ಅಯ್ಯೋ!" ಎಂದಳು ಅಕ್ಕ.

ಕಾರು ಸೈಕಲ್ಲಿಗೆ ಮಾರು ದೂರದಲ್ಲೇ, ಕುಲುಕದೆ ನಿಂತಿತು. ಸೈಕಲ್ಲಿನವನು ತಿರುಗಿಯೂ ನೋಡದೆ ಹೊರಟುಹೋದ.

"ನಂಗೂ ಒಂದು ಬ್ರೇಕಿದೆ ಅಕ್ಕ" ಎಂದಳು ಕನ್ನಡಿ ಮೇಡಂ, ಗೇರು ಬದಲಾಯಿಸುತ್ತ.

ಅಕ್ಕನ ಕಾಲು ಮಾತ್ರ ಬರೀ ಮ್ಯಾಟನ್ನು ಇನ್ನೂ ಬಲವಾಗಿ ಒತ್ತಿಕೊಂಡೇ ಇತ್ತು.