ಬೀಗ ತೆಗೆಯುವ ಮುನ್ನ ಹೇಳಿದ ‘ಇಲ್ಲ’

“ಇಲ್ಲ” ಎಂದಿತು ಕಂಪ್ಯೂಟರು.

ಹಲ್ಲಿನ ಡಾಕ್ಟರಮ್ಮ ಚಿತ್ರದ ಹೆಸರನ್ನು ಮತ್ತೊಮ್ಮೆ ಒತ್ತಿದಳು. ಇಲ್ಲ. ಹಿಂದೆ ಕುರ್ಚಿಯಲ್ಲಿ ಒರಗಿದ್ದ ತುತ್ತೂರಿಯವನ ಮೇಲ್ದವಡೆಗೆ ಸೂಜಿಮದ್ದು ಆಗಲೇ ಇಳಿದಿತ್ತು. ತುಟಿ ಜೋಮು ಹಿಡಿದು ಯಾರದೋ ತುಟಿಯಂತಾಗಿತ್ತು. ಅವನ ಮುಂಬಲ್ಲಿನ ಬೇರಿನ ಹಿಂದೆ, ವಸಡಿನೊಳಗೆ, ಹೆಚ್ಚಿನ ಹಲ್ಲೊಂದು ಅಡ್ಡ ಮಲಗಿತ್ತು. ಅದನ್ನು ಯಾವ ಕಡೆಯಿಂದ ಸೀಳಿ ತೆಗೆಯಬೇಕೆಂಬುದು ದೊಡ್ಡಾಸ್ಪತ್ರೆಯಿಂದ ತರಿಸಿದ ಎಕ್ಸ್‌ರೇ ಚಿತ್ರದಲ್ಲಿತ್ತು. ಕೈ ಕೊಂಚ ತಪ್ಪಿದರೂ ಮುಂಬಲ್ಲು ಅಲುಗುತ್ತದೆ. ಮುಂಬಲ್ಲು ಅಲುಗಿದವನು ಬ್ಯಾಂಡಿನಲ್ಲಿ ತುತ್ತೂರಿ ಊದುವುದಿಲ್ಲ, ಊದುವವರ ಪೆಟ್ಟಿಗೆ ಹೊರುತ್ತಾನೆ.

“ಲೋ, ಕೆಳಗೆ ಬಾರೋ!” ಎಂದು ಅವಳು ಮೆಟ್ಟಿಲ ಬುಡದಿಂದ ಕೂಗಿದಳು.

ಕಾಫಿ ಲೋಟ ಹಿಡಿದೇ ಇಳಿದು ಬಂದವನು ತಮ್ಮ. ಮಹಡಿಯ ಕೋಣೆಯಲ್ಲಿ ಕೂತು ಕಂಪ್ಯೂಟರಿನ ಕರುಳು ತಿದ್ದುವುದು ಅವನ ಕಸುಬು. ಇಟ್ಟದ್ದನ್ನು ಎಲ್ಲಿಡಬೇಕು, ಕೇಳಿದಾಗ ಹೇಗೆ ಹುಡುಕಿ ಕೊಡಬೇಕು ಎಂಬುದನ್ನು ನಡೆಸುವ ಒಳಭಾಗ ಅವನ ಸುಪರ್ದಿನದು. ಊರೂರಿನವರು ಬರೆದು ಕಳಿಸುವ ತಿದ್ದುಪಡಿಗಳಿಗೆ ‘ಆಗಲಿ’ ಅಥವಾ ‘ಬೇಡ’ ಎನ್ನುವ ಅಧಿಕಾರವೂ ಅವನಿಗಿತ್ತು. ‘ಆಗಲಿ’ ಅಪರೂಪ. ಭಗವಂತ ಅವನಿಗೆ ಬುದ್ಧಿಯನ್ನು ಬೊಗಸೆಗಟ್ಟಲೆ ಸುರಿದಿದ್ದ. ಆ ಭರದಲ್ಲಿ ಕಿವಿಯ ಪಾಲು ಮರೆತುಬಿಟ್ಟಿದ್ದ.

“ನೀನೇ ಅಳಿಸಿರ್ತೀಯ ಅಕ್ಕ.”

“ಅಳಿಸೋಕೆ ನನಗೇನು ತಲೆ ಕೆಟ್ಟಿದ್ಯಾ? ನಿನ್ನೆ ಸಂಜೆ ಕೊನೇಗೆ ನೋಡಿದ್ದೇ ಇದನ್ನ. ಆಮೇಲೆ ತಾನೆ ನೀನು ಹೊಸದೇನೋ ತುಂಬಿದ್ದು, ಬೇಗ ಓಡುತ್ತೆ ಅಂತ?”

“ಹಾಗಾದ್ರೆ ಹೆಸರು ತಪ್ಪು ಒತ್ತಿರ್ತೀಯ.”

“ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಹೇಗೆ ಕಲಸಿದ್ರೂ ಹುಡುಕಿ ಕೊಡುತ್ತೆ ಅಂತ ಕುಣಿದಾಡಿದವನು ನೀನೇ ಅಲ್ವೇನೋ? ಹೇಗೆ ಬರೆದ್ರೂ ಉತ್ತರ ಒಂದೇ ಬರ್ತಿದೆ.”

“ಪಾಸ್‌ವರ್ಡ್ ಕೊಟ್ಯಾ? ಕೊಡದೇ ಇದ್ರೆ ಒಳಗಿರೋದಿರಲಿ, ಅದರ ಹೆಸರೂ ಬೀಗದೊಳಗೇ ಇರುತ್ತೆ.”

“ಕೊಟ್ಟಿದೀನಿ ಕಣೋ. ಬೇರೆಯವರದೆಲ್ಲ ತೆರೀತಿದೆ. ಇವರದೊಂದೇ ಇಲ್ಲ.”

ಕುರ್ಚಿಯಿಂದ “ಊಂ?” ಎಂಬ ಸದ್ದು ಬಂತು.

“ಗಾಬರಿ ಆಗ್ಬೇಡಿ ಸಾರ್,” ಎಂದ ತಮ್ಮ, ಅತ್ತ ತಿರುಗದೆ. “ಇದರಲ್ಲಿ ಏನೂ ಕಳೆಯೋದಿಲ್ಲ. ಇದು ಇಲ್ಲ ಅಂದ್ರೆ ಅಂಥದ್ದು ಇರಲೇ ಇಲ್ಲ ಅಂತ ಅರ್ಥ.”

ತುತ್ತೂರಿಯವನು ತನ್ನ ಗಲ್ಲವನ್ನು ಮುಟ್ಟಿ ನೋಡಿಕೊಂಡ.

ತಮ್ಮ ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಕಪ್ಪು ಕಿಟಕಿ ತೆರೆದು ಏನೇನೋ ಒತ್ತಿದ. ಒತ್ತುತ್ತ ಒತ್ತುತ್ತ ಅವನ ಬೆರಳು ನಿಧಾನವಾಯಿತು. ನಡೆದದ್ದು ಇಷ್ಟು: ಬೆಳಿಗ್ಗೆ ಕಂಪ್ಯೂಟರು ಎದ್ದ ಕೂಡಲೇ, ಡಾಕ್ಟರಮ್ಮ ಪಾಸ್‌ವರ್ಡ್ ಒತ್ತುವ ಮೊದಲೇ, ಚಿತ್ರ ತೋರಿಸುವ ಸಾಫ್ಟ್‌ವೇರು ನಿನ್ನೆ ಕೊನೆಗೆ ನೋಡಿದ ಚಿತ್ರವನ್ನು ತಾನಾಗಿ ಕೇಳಿತ್ತು. ಬೀಗದೊಳಗಿನ ಹೆಸರು ಕಾಣದೆ ಕಂಪ್ಯೂಟರು ಇಲ್ಲ ಎಂದಿತ್ತು. ಎಂದು ಸುಮ್ಮನಾಗದೆ, ಮತ್ತೆ ಹುಡುಕುವ ಶ್ರಮ ಯಾಕೆಂದು ಆ ‘ಇಲ್ಲ’ವನ್ನು ನೆನಪಿಟ್ಟುಕೊಂಡಿತ್ತು. ಬೀಗ ತೆಗೆದಮೇಲೆ ಹಳೆಯ ಮಾತು ಬಿಟ್ಟು ಹೊಸದಾಗಿ ಹುಡುಕು ಎಂದು ಹೇಳುವ ಕೋಡಿನ ಸಾಲುಗಳು ಮೊದಲು ಇದ್ದವು. ವೇಗಕ್ಕೆ ಅಡ್ಡಿಯೆಂದು ತಮ್ಮನೇ ಅವನ್ನು ಕಿತ್ತು ಹಾಕಿದ್ದ. ಕೀಳಬೇಡಿ ಎಂದು ದೂರದ ಸಹೋದ್ಯೋಗಿಯೊಬ್ಬಳು ಬರೆದಾಗ, “ಬೀಗ ಹಾಕಿದ ಬಾಗಿಲ ಮುಂದೆ ನಿಂತು ಒಳಗಿನ ಸಾಮಾನು ಕೇಳುವ ದಡ್ಡರಿಗಾಗಿ ನಾನು ಲೋಕವನ್ನು ನಿಧಾನ ಮಾಡಲಾರೆ” ಎಂದು ಎಲ್ಲರೆದುರು ಉತ್ತರ ಕೊಟ್ಟು, ಅದನ್ನು ಊಟದ ಹೊತ್ತಿನಲ್ಲಿ ಅಕ್ಕನಿಗೂ ಓದಿ ಹೇಳಿದ್ದ. ಅವಳೂ ನಕ್ಕಿದ್ದಳು. ಈಗ, ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಒಂದೇ ಎಂದು ಎಣಿಸುವ ಅವನ ಜಾಣತನವು ಹೇಗೆ ಬರೆದರೂ ಅದೇ ಹಳಸಲು ಉತ್ತರವನ್ನು ಬಡಿಸುತ್ತಿತ್ತು.

ಅವನ ಮುಖ ಬಾಡಲಿಲ್ಲ. ಅರಳಿತು.

“ಅಬ್ಬಾ, ತಪ್ಪು ಎಷ್ಟು ಚೆನ್ನಾಗಿ ಸಿಕ್ಕಿಬಿದ್ದಿದೆ! ಮುಟ್ಟಬೇಡ ಅಕ್ಕ. ಮೇಲಿಂದ ನನ್ನ ಯಂತ್ರ ತಂದು ಇದಕ್ಕೆ ಜೋಡಿಸಿ ಒಳಗೆಲ್ಲ ನೋಡ್ಬೇಕು. ಒಂದು ಗಂಟೆ ಸಾಕು.”

“ಆರಿಸಿ ಮತ್ತೆ ಹಾಕಿದ್ರೆ ಸರಿ ಹೋಗುತ್ತಾ?”

“ಪಾಸ್‌ವರ್ಡ್ ಮೊದಲು ಕೊಟ್ರೆ ಸರಿ ಹೋಗುತ್ತೆ. ಅದೇ ಬೇಡ ಅಂತಿರೋದು! ಆರಿಸಿದ್ರೆ ಆ ‘ಇಲ್ಲ’ದ ನೆನಪೇ ಅಳಿಸಿಹೋಗುತ್ತೆ, ಆಮೇಲೆ ನಾನು ನೋಡೋದೇನನ್ನ?”

“ಅಷ್ಟರಲ್ಲಿ ಇವರ ಜೋಮು ಇಳಿಯುತ್ತಲ್ಲೋ.”

“ಇನ್ನೊಂದು ಚುಚ್ಚು. ಅದರಲ್ಲೇನಿದೆ?”

ಡಾಕ್ಟರಮ್ಮ ತಮ್ಮನನ್ನು ನೋಡಿದಳು. ಕೊಳೆತ ಹಲ್ಲುಗಳನ್ನು ನೋಡಿ ಪಳಗಿದ ಕಣ್ಣು, ಹೇಸಿಕೊಳ್ಳಲಿಲ್ಲ. ಅವನ ತೋಳಿನಡಿಯಿಂದ ಕೈ ಚಾಚಿ ಗುಂಡಿಯನ್ನು ಒತ್ತಿ ಹಿಡಿದಳು. ಪರದೆ ಕಪ್ಪಾಯಿತು. ಹಲ್ಲು ಕೀಳಿಸಿಕೊಂಡವನಂತೆ ತಮ್ಮ ಚೀರಿದ. ಕೀಳಿಸಿಕೊಳ್ಳಬೇಕಾದವನು ಸುಮ್ಮನೆ ಮಲಗಿದ್ದ. ಮತ್ತೆ ಒತ್ತಿದಾಗ ಕಂಪ್ಯೂಟರು ಎದ್ದಿತು, ಚಿತ್ರ ತೋರಿಸುವ ಸಾಫ್ಟ್‌ವೇರಿಗೆ ಏನನ್ನೂ ಕೇಳಗೊಡದೆ ಅವಳು ಮೊದಲು ಪಾಸ್‌ವರ್ಡ್ ಒತ್ತಿದಳು. ಚಿತ್ರ ಏನೂ ಆಗಿಲ್ಲವೆಂಬಂತೆ ಬಂದು ನಿಂತಿತು. ಅಡ್ಡ ಹಲ್ಲು ಅಂಗುಳಿನ ಕಡೆಗಿತ್ತು. ದೇವರನ್ನು ನೆನೆದು ಅವಳು ಚಾಕು ಎತ್ತಿಕೊಂಡಳು.

ಎಲ್ಲ ಮುಗಿದು, ಮುಂಬಲ್ಲು ಮಿಸುಕದೆ ಉಳಿದು, ತುತ್ತೂರಿಯವನು ಹತ್ತಿ ಕಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಾಗ ತಮ್ಮ ಮತ್ತೆ ಇಳಿದು ಬಂದ. ಮುಖದಲ್ಲಿ ಗೆಲುವಿತ್ತು.

“ಸರಿ ಮಾಡಿದ್ಯೇನೋ?”

“ಮಾಡ್ದೆ. ‘ಪಾಸ್‌ವರ್ಡ್ ಕೊಡುವ ಮುನ್ನ ಯಾರೂ ಏನನ್ನೂ ಹುಡುಕಬಾರದು’ ಅಂತ ಬಳಸೋರಿಗೆ ಒಂದು ಎಚ್ಚರಿಕೆ ಬರೆದು ಸೇರಿಸ್ದೆ.”

“ಕಿತ್ತ ಸಾಲುಗಳು?”

“ಅವು ಇನ್ಯಾಕೆ? ಎಷ್ಟು ಬೇಗ ಓಡ್ತಿದೆ ಗೊತ್ತಾ!”

ತುತ್ತೂರಿಯವನು ಬಾಯಿಂದ ಹತ್ತಿಯನ್ನು ಎರಡು ಬೆರಳಲ್ಲಿ ಹೊರತೆಗೆದ.

“ಡಾಕ್ಟ್ರಮ್ಮಾ,” ಎಂದ, ಜೋಮು ತುಟಿಯಲ್ಲಿ ಒಂದೊಂದೇ ಮಾತು ತಡವರಿಸುತ್ತ, “ನಿಮ್ಮ ತಮ್ಮ ಹಲ್ಲು ಕೀಳೋದು ಕಲೀಲಿಲ್ಲ ನೋಡಿ. ದೇವರಿದ್ದಾನೆ.”

ಹತ್ತಿಯನ್ನು ಮತ್ತೆ ಬಾಯಿಗಿಟ್ಟು ಕಚ್ಚಿಕೊಂಡ.