ಕಾಫಿ ತಟ್ಟೆಯ ಭವಿಷ್ಯ

ಜಾತಕದ ಕಾಲ ಹೋಯಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಈಗ, ಹಿಡಿದವರಿಗೆ ಮುಂದೆ ಕೈ ನಡುಗಿಸುವ ಪಾರ್ಕಿನ್ಸನ್ ರೋಗ ಬಂದೀತೇ ಎಂದು ಹೇಳುವುದು ಮಾತಾಡುವ ಕಾಫಿ ತಟ್ಟೆ. ನನ್ನನ್ನು ನೋಡಲು ಬಂದ ಕೆಂಪರಾಜ ಫೋಟೋದಲ್ಲೇ ನನಗೆ ಹಿಡಿಸಿದ್ದ. ಆದರೆ ಹೊಸಬರೆದುರು ನನ್ನ ಕೈ ನಿಲ್ಲದು. ತಟ್ಟೆ ಹಿಡಿದು ಬರುತ್ತಿದ್ದಂತೆ ಲೋಟಗಳು ಕಿಣಿಕಿಣಿ ಎಂದವು.

“ಅಜ್ಜಿಗೆ ಇತ್ತು. ಅಪ್ಪ ದ್ರಾಕ್ಷಿಗೆ ಹೊಡೆದ ಕೀಟನಾಶಕದ ಗಾಳಿಯಲ್ಲಿ ಬೆಳೆದವಳು. ಅಪಾಯ ಜಾಸ್ತಿ,” ಎಂದಿತು ತಟ್ಟೆ.

“ಅಯ್ಯೋ, ಹುಡುಗಿ ಈಗ್ಲೇ ನಡುಗ್ತಾವ್ಳಲ್ಲ!” ಅವನ ಸೋದರತ್ತೆ ಹೋಗಿ ಚಪ್ಪಲಿ ಮೆಟ್ಟಿದರು.

“ನಾಚ್ಕೆ ಕಣ್ರೀ ಅದು!” ಎಂದಳು ಅಮ್ಮ.

ಕೆಂಪರಾಜ ಎದ್ದು ಬಂದು ತಟ್ಟೆ ತೆಗೆದುಕೊಂಡ. ಕಿಣಿಕಿಣಿ ಇನ್ನೂ ಜೋರಾಯಿತು.

“ವೆಲ್ಡಿಂಗ್ ಹೊಗೆ ಕುಡಿದವರು. ಅಪಾಯ ಜಾಸ್ತಿ,” ಎಂದಿತು ತಟ್ಟೆ, ಅವನಿಗೂ.

“ನಂದೂ ನಾಚ್ಕೆನೇ,” ಎಂದ, ಕಿವಿ ಕೆಂಪಾಗಿ.

ನನ್ನ ಬಾಯಿಂದ ತಾನಾಗಿಯೇ ಮಾತು ಬಂತು: “ಇನ್ಮೇಲೆ ಅರ್ಧರ್ಧ ಲೋಟ ಹಾಕಿದ್ರಾಯ್ತು ಬಿಡಿ. ಚೆಲ್ಲಲ್ಲ.”

“ನಂಗೆ ಮಾತ್ರ ತುಂಬಾ ಹಾಕಮ್ಮ,” ಎನ್ನುತ್ತ ಸೋದರತ್ತೆ ಚಪ್ಪಲಿ ಬಿಟ್ಟರು.